ಹದಿನೇಳನೇ ನಂಬರಿನ ಗೋಣಿ ಮರ

ಪಿಯುಸಿಯ ಬಯಾಲಜಿಯಲ್ಲಿ ಎರಡು ಸಲ ಫೇಲಾದ ಹನುಮೇಶ ಕೊನೆಗೆ ಗಿಡಗಳ ಕೈಗೇ ಸಿಕ್ಕಿಬಿದ್ದ. ಲಿಂಗಸೂಗೂರಿನ ಕಡೆಯ ಹಳ್ಳಿಯಿಂದ ಬಂದು, ಜಿಗಣಿಯ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕಾರಿನ ಎಂಜಿನ್ನಿಗೆ ರಬ್ಬರ್ ಗ್ಯಾಸ್ಕೆಟ್ ಮಾಡುವ ಫ್ಯಾಕ್ಟರಿಯೊಂದರಲ್ಲಿ ಮಾಲಿಯಾಗಿ ಸೇರಿದ್ದ. ಊರಿಗೆ ಫೋನ್ ಮಾಡಿದಾಗ ಮಾತ್ರ ‘ಎನ್ವಿರಾನ್‌ಮೆಂಟ್ ಸೆಕ್ಷನ್‌ನಾಗ ಅದೀನಿ’ ಅನ್ನುತ್ತಿದ್ದ. ಅದು ಪೂರ್ತಿ ಸುಳ್ಳೂ ಅಲ್ಲ. ಕಾಂಟ್ರಾಕ್ಟರು ಕೊಟ್ಟ ಹಸಿರು ಅಂಗಿಯ ಬೆನ್ನ ಮೇಲೆ ‘ಗಾರ್ಡನ್’ ಎಂದು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿತ್ತು. ಬೆನ್ನಿನ ಮೇಲಿದ್ದುದರಿಂದ ಅದನ್ನು ಅವನೊಬ್ಬ ಬಿಟ್ಟು ಉಳಿದವರೆಲ್ಲ ಓದುತ್ತಿದ್ದರು.

ಇಂಥವನು ಒಬ್ಬ ಮನುಷ್ಯನ ಮೇಲೆ ಐದು ವರ್ಷ ಹಗೆ ಇಟ್ಟುಕೊಂಡಿದ್ದ ಎಂದರೆ ಅವನ ರೂಮಿನಲ್ಲಿದ್ದವರೂ ನಂಬಲಿಕ್ಕಿಲ್ಲ. ಆನೇಕಲ್ ಬಸ್ಸಿನಲ್ಲಿ ಯಾರಾದರೂ ಅವನ ಕಾಲು ತುಳಿದರೆ ಅವನೇ ‘ಸಾರಿ’ ಕೇಳುತ್ತಿದ್ದ. ಬೈಗುಳ ಹೊಳೆಯುತ್ತಿದ್ದದ್ದು ಬಸ್ಸಿಳಿದು ರೂಮಿಗೆ ಬಂದು ಬೂಟು ಬಿಚ್ಚಿದ ಮೇಲೆ. ಹೊಳೆದ ಬೈಗುಳಗಳು ಒಳ್ಳೆಯವೇ ಇರುತ್ತಿದ್ದವು. ಬಳಸಿದ್ದು ಮಾತ್ರ ಒಂದೂ ಇಲ್ಲ.

ಹಗೆ ಹುಟ್ಟಿದ್ದು ಎಂಟು ಗುಂಟೆ ಜಾಗದ ವಿಷಯಕ್ಕೆ.

ಫ್ಯಾಕ್ಟರಿಯ ಮುಂದುಗಡೆ ಕಾರ್ಪೆಟ್ಟಿನಂಥ ಲಾನು ಇತ್ತು. ಅದಕ್ಕೆ ದಿನಾ ಟ್ಯಾಂಕರ್ ನೀರು, ಹದಿನೈದು ದಿನಕ್ಕೊಮ್ಮೆ ಔಷಧಿ. ಅದರ ಮೇಲೆ ಒಂದು ಗುಬ್ಬಿ ಕೂಡ ಇಳಿಯುತ್ತಿರಲಿಲ್ಲ. ಔಷಧಿ ಹೊಡೆಯುವ ಹನುಮೇಶನಿಗೇ ಸಂಜೆ ತಲೆ ಸುತ್ತುತ್ತಿತ್ತು, ಗುಬ್ಬಿಯದೇನು ಹೇಳುವುದು. ಹಿಂದುಗಡೆ, ಫ್ಯಾಕ್ಟರಿಯ ಕೊಳಕು ನೀರನ್ನು ತಿಳಿ ಮಾಡುವ ತೊಟ್ಟಿಗಳ ಆಚೆ, ಕಾಂಪೌಂಡಿನವರೆಗೆ ಎಂಟು ಗುಂಟೆ ಯಾರಿಗೂ ಬೇಡವಾಗಿ ಬಿದ್ದಿತ್ತು. ಕೆಲಸಕ್ಕೆ ಸೇರಿದ ವರ್ಷ, ಅಂದರೆ ಎರಡು ಸಾವಿರದ ಏಳರಲ್ಲಿ, ಅವನು ತೊಟ್ಟಿಯ ತಿಳಿನೀರನ್ನು ಪೈಪು ಹಾಕಿ ಆ ಕಡೆ ತಿರುಗಿಸಿದ. ದೊಡ್ಡ ಯೋಚನೆಯೇನೂ ಇರಲಿಲ್ಲ. ಪೈಪು ಅಷ್ಟೇ ಉದ್ದವಿತ್ತು.

ಮೊದಲು ತಾನಾಗಿ ತುಂಬೆ ಬಂತು, ತುಂಬೆಗೆ ಜೇನು ಬಂದವು. ಅದನ್ನು ನೋಡಿ ಹನುಮೇಶನಿಗೆ ಹುಮ್ಮಸ್ಸು ಹತ್ತಿತು. ರಜೆಯ ದಿನ ಬನ್ನೇರುಘಟ್ಟದ ಕಡೆಯ ಕೆರೆ ಏರಿಗಳನ್ನು ಸುತ್ತಿ ಲಕ್ಕಿ ಗಿಡದ ಕಡ್ಡಿ, ಕಕ್ಕೆಯ ಬೀಜ, ಹೊಂಗೆಯ ಸಸಿ ತಂದ. ಮುಳ್ಳಿನ ಲಾಂಟಾನವನ್ನು ಬೇರು ಸಮೇತ ಅಗೆದು ತೆಗೆದ. ಎಕ್ಕದ ಗಿಡದಲ್ಲಿ ಹಳದಿ, ಕಪ್ಪು, ಬಿಳಿ ಪಟ್ಟೆಯ ಹುಳು ಕಂಡಾಗ ಮೊದಲು ಔಷಧಿ ಡಬ್ಬಿಗೆ ಕೈ ಹಾಕಿದ್ದವನು ಅವನೇ. ಡಬ್ಬಿ ಖಾಲಿಯಾಗಿದ್ದುದರಿಂದ ಹುಳು ಬದುಕಿದವು. ಎರಡು ವಾರದ ಮೇಲೆ ಅದೇ ಗಿಡದ ಸುತ್ತ ಕಿತ್ತಳೆ ಬಣ್ಣದ ಚಿಟ್ಟೆಗಳು ಹಾರಾಡಿದಾಗ ಆ ಹುಳುಗಳೇ ಇವು ಎಂದು ಅವನಿಗೆ ಗೊತ್ತಾಯಿತು. ಪಠ್ಯಪುಸ್ತಕದಲ್ಲಿ ಈ ಪಾಠ ಇತ್ತು, ಪರೀಕ್ಷೆಯಲ್ಲಿ ಆರು ಅಂಕಕ್ಕೆ ಪ್ರಶ್ನೆಯೂ ಬಂದಿತ್ತು, ಅವನು ಬಿಟ್ಟು ಬಂದಿದ್ದ.

ಮೂರು ವರ್ಷದಲ್ಲಿ ಆ ಜಾಗಕ್ಕೆ ಸೂರಕ್ಕಿ ಬಂತು, ಕಪ್ಪೆ ಬಂತು. ಕಪ್ಪೆ ಬಂದ ಮೇಲೆ ಕ್ಯಾಂಟೀನಿನಲ್ಲಿ ಸೊಳ್ಳೆ ಕಡಿಮೆಯಾಯಿತು. ಕಸ ಗುಡಿಸುವ ಸಿದ್ದಕ್ಕ, ಅವಳೂ ಅವನ ಕಡೆಯವಳೇ, ಸೋಮವಾರದ ಪೂಜೆಗೆ ತುಂಬೆ ಹೂವನ್ನು ಅಲ್ಲಿಂದಲೇ ಸೆರಗಿನಲ್ಲಿ ಕಟ್ಟಿಕೊಂಡು ಹೋಗುತ್ತಿದ್ದಳು. ಹನುಮೇಶ ಊಟದ ಡಬ್ಬಿ ತೆಗೆದುಕೊಂಡು ಅಲ್ಲೇ ಕೂರುತ್ತಿದ್ದ. ಬದುಕಿನಲ್ಲಿ ಮೊದಲ ಸಲ ಯಾವುದರಲ್ಲೋ ಪಾಸಾದಂತೆ ಅನ್ನಿಸುತ್ತಿತ್ತು.

ಅಡ್ಮಿನ್ ಮ್ಯಾನೇಜರ್ ರುದ್ರೇಶ್ ಅವರಿಗೂ ಆ ಜಾಗ ಹಿಡಿಸಿತ್ತು. ದಾವಣಗೆರೆ ಕಡೆಯವರು, ಬನ್ನೇರುಘಟ್ಟ ರಸ್ತೆಯ ಅಪಾರ್ಟ್‌ಮೆಂಟಿನಲ್ಲಿ ವಾಸ, ಹಣೆಗೆ ವಿಭೂತಿ ಇಲ್ಲದೆ ಮನೆ ಬಿಟ್ಟವರಲ್ಲ. ಕಕ್ಕೆ ಗಿಡದ ಹೆಗಲ ಮೇಲೆ ಕೈ ಹಾಕಿದಂತೆ ನಿಂತು ಫೋಟೋ ತೆಗೆಸಿಕೊಂಡು ‘ನಮ್ಮ ಬಟರ್‌ಫ್ಲೈ ಗಾರ್ಡನ್’ ಎಂದು ನೋಟಿಸ್ ಬೋರ್ಡಿಗೆ ಹಾಕಿಸಿದ್ದರು. ಗ್ಯಾಸ್ಕೆಟ್ ಕೊಳ್ಳುವ ಕಾರು ಕಂಪೆನಿಯವರು ವರ್ಷಕ್ಕೊಮ್ಮೆ ಕಳಿಸುವ ಫಾರಂನಲ್ಲಿ ‘ಹಿಂಭಾಗದಲ್ಲಿ ಇಪ್ಪತ್ನಾಲ್ಕು ನಾಡಮರಗಳಿವೆ’ ಎಂದು ತುಂಬಿದ್ದರು. ನೋಟಿಸ್ ಬೋರ್ಡಿನ ಫೋಟೋದಲ್ಲಿ ಹನುಮೇಶನೂ ಇದ್ದ, ಒಂದು ಕೋನದಲ್ಲಿ, ಬೆನ್ನು ಮಾಡಿ. ‘ಗಾರ್ಡನ್’ ಅಂತ ಸ್ಪಷ್ಟವಾಗಿ ಓದಲು ಬರುತ್ತಿತ್ತು.

ಎರಡು ಸಾವಿರದ ಹತ್ತರ ಮಾರ್ಚಿನಲ್ಲಿ ರುದ್ರೇಶ್ ಬಿಳಿ ಬಣ್ಣದ ಹೊಸ ಕಾರು ತೆಗೆದುಕೊಂಡರು. ವಾರ ಕಳೆಯುವುದರೊಳಗೆ ಒಂದು ಬೆಳಿಗ್ಗೆ ಸ್ಟೀಲ್ ಟೇಪು ಹಿಡಿದು ಹಿಂದಿನ ಜಾಗಕ್ಕೆ ಬಂದರು.

“ಹನುಮೇಶ, ಬಾ ಇಲ್ಲಿ. ಈ ತುದಿ ಹಿಡ್ಕೊಂಡು ಕಾಂಪೌಂಡ್‌ವರೆಗೂ ಹೋಗು.”

ಹನುಮೇಶ ಹಿಡಿದುಕೊಂಡು ಹೋದ. ಲಕ್ಕಿ ಗಿಡ ಅಡ್ಡ ಬಂತು.

“ಗಿಡ ಅಡ್ಡ ಬರ್ತದೆ ಸಾರ್.”

“ಯಾವ ಗಿಡ? ಕಳೆ ಅದೆಲ್ಲ. ನಾಳೆ ಜೆಸಿಬಿ ಬರುತ್ತೆ, ಪಾರ್ಕಿಂಗ್ ಮಾಡಿಸ್ತಿದ್ದೀನಿ. ಇವತ್ತೇ ನಿನ್ನ ಪೈಪ್ ಎಲ್ಲ ಸುತ್ತಿ ಇಟ್ಕೊ. ಓಕೆ?”

“ಓಕೆ ಸಾರ್.”

ಅದು ಬಾಯಿಂದ ಹೇಗೆ ಬಂತೋ ಅವನಿಗೇ ತಿಳಿಯಲಿಲ್ಲ. ಮಾರನೇ ದಿನ ಜೆಸಿಬಿ ನಲವತ್ತು ನಿಮಿಷದಲ್ಲಿ ಮೂರು ವರ್ಷ ಮುಗಿಸಿತು. ಬಕೆಟ್ಟಿನಲ್ಲಿ ಎಕ್ಕದ ಗಿಡ ತಲೆಕೆಳಗಾಗಿ ಮೇಲೆ ಹೋದಾಗ ಅದರ ಎಲೆಯ ಮೇಲೆ ಪಟ್ಟೆ ಹುಳು ಇನ್ನೂ ತಿನ್ನುತ್ತಲೇ ಇತ್ತು. ರುದ್ರೇಶ್ ಫೋನಿನಲ್ಲಿ ಪುಣೆಯ ಹೆಡ್ಡಾಫೀಸಿನ ಡೈರೆಕ್ಟರಿಗೆ “ಕಳೆ ಕ್ಲೀನ್ ಮಾಡಿಸ್ತಿದ್ದೀನಿ ಸಾರ್” ಎಂದು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಅಷ್ಟು ಇಂಗ್ಲಿಷ್ ಹನುಮೇಶನಿಗೆ ಬರುತ್ತಿತ್ತು.

ಸಿದ್ದಕ್ಕ ಪೊರಕೆ ಹಿಡಿದು ಬಂದು ನಿಂತಳು. ಮಣ್ಣಿನ ಗುಡ್ಡೆ ನೋಡಿದಳು, ಅವನ ಮುಖ ನೋಡಿದಳು.

“ಟೇಪ್ ನೀನ ಹಿಡಿದಿದ್ದೆಂತಲ್ಲೋ ಹನುಮ್ಯಾ.”

“ಹಿಡಿ ಅಂದ್ರು, ಹಿಡಿದೆ.”

“ನಾಳೆ ನಿನ್ನ ಕುಣಿ ಅಳತಿ ಮಾಡಬೇಕು ಹಿಡಿ ಅಂದ್ರೂ ಹಿಡೀತಿ ನೀ.”

ಆ ಸಂಜೆ ರೂಮಿಗೆ ಬಂದು ಬೂಟು ಬಿಚ್ಚಿದಾಗ ಎಂದಿನಂತೆ ಬೈಗುಳ ಹೊಳೆಯಲಿಲ್ಲ. ಹೊಳೆದದ್ದು ಒಂದೇ: ಈ ಮನುಷ್ಯ ಆ ಜಾಗದಲ್ಲಿ ನೆಮ್ಮದಿಯಾಗಿ ಕಾರು ನಿಲ್ಲಿಸಬಾರದು. ಅದಷ್ಟು ಆಗುವವರೆಗೆ ಈ ಕೆಲಸ ಬಿಡುವುದಿಲ್ಲ.

ಮೊದಲನೇ ಪ್ರಯತ್ನ ನಸುಗುನ್ನಿ ಕಾಯಿಯದು. ಅದರ ಮೇಲಿನ ಕಂದು ರೋಮ ಮೈಗೆ ತಾಗಿದರೆ ಮನುಷ್ಯ ಅಂಗಿ ಹರಿದುಕೊಂಡು ಕುಣಿಯುತ್ತಾನೆ. ಊರಿನಲ್ಲಿ ಮೇಷ್ಟ್ರ ಕುರ್ಚಿಗೆ ಹಾಕಿ ಒದೆ ತಿಂದ ಅನುಭವ ಹನುಮೇಶನಿಗೆ ಇತ್ತು. ಒಂದು ಭಾನುವಾರವೆಲ್ಲ ಗುಡ್ಡ ತಿರುಗಿ ಒಣಗಿದ ನಾಲ್ಕು ಕಾಯಿ ಹುಡುಕಿ, ಪೇಪರಿನಲ್ಲಿ ಸುತ್ತಿ, ಸೋಮವಾರ ಪ್ಯಾಂಟಿನ ಹಿಂದಿನ ಜೇಬಿನಲ್ಲಿಟ್ಟುಕೊಂಡು ಹೊರಟ. ರುದ್ರೇಶ್ ಅವರ ಕಾರಿನ ಸೀಟಿಗೆ ಹಾಕುವ ಯೋಜನೆ. ಬಸ್ಸಿನಲ್ಲಿ ಅಪರೂಪಕ್ಕೆ ಸೀಟು ಸಿಕ್ಕಿತು. ದೇವರು ತನ್ನ ಕಡೆ ಇದ್ದಾನೆ ಅಂದುಕೊಂಡು ಕೂತ.

ಫ್ಯಾಕ್ಟರಿ ಗೇಟು ಮುಟ್ಟುವಷ್ಟರಲ್ಲಿ ಅವನ ನಡಿಗೆ ನೋಡಿ ಸೆಕ್ಯುರಿಟಿ ಆವಲಪ್ಪ ಬಾಗಿಲು ತೆರೆಯುವುದನ್ನೇ ಮರೆತ. ಆವಲಪ್ಪನಿಗೆ ಅರವತ್ತರ ಮೇಲೆ ವಯಸ್ಸು. ಈಗ ಫ್ಯಾಕ್ಟರಿ ನಿಂತಿರುವುದು ಒಂದು ಕಾಲಕ್ಕೆ ಅವನ ರಾಗಿ ಹೊಲ. ಹೊಲ ಹೋದ ಮೇಲೆ ಅದೇ ಹೊಲಕ್ಕೆ ಕಾವಲಿಗೆ ಸೇರಿದ್ದ. ಸಮವಸ್ತ್ರ ಕೊಟ್ಟಿದ್ದರು ಅನ್ನುವುದಷ್ಟೇ ಹೊಸದು. ಪಕ್ಕದ ಖಾಲಿ ಸೈಟಿನಲ್ಲಿ ಅವನ ಒಂದು ಹಸು ಕಟ್ಟಿರುತ್ತಿತ್ತು. ವಿಷಯ ತಿಳಿದು ಅವನು ಒಂದು ಬುಟ್ಟಿ ಸಗಣಿ ತಂದ, ಹನುಮೇಶನನ್ನು ಸೆಕ್ಯುರಿಟಿ ರೂಮಿನ ಹಿಂದೆ ನಿಲ್ಲಿಸಿ ಸೊಂಟದಿಂದ ಕೆಳಗೆ ಮೆತ್ತಿದ. ಉರಿ ಇಳಿಯಲು ಒಂದು ಗಂಟೆ ಬೇಕಾಯಿತು. ಆ ಒಂದು ಗಂಟೆಯಲ್ಲಿ ಸಿದ್ದಕ್ಕ ಎರಡು ಸಲ ಆ ಕಡೆ ಕಸ ಗುಡಿಸಲು ಬಂದಳು.

“ಯಾರ್ಗೆ ಆಕಕ್ ತಂದಿದ್ದೆ ಇದ್ನ?” ಆವಲಪ್ಪ ಕೇಳಿದ.

ಹನುಮೇಶ ಹೇಳಿದ. ಮುದುಕ ನಗಲಿಲ್ಲ.

“ನನ್ ಒಲದ ಬದು ಇದ್ದಿದ್ದು ನಿನ್ ಗಿಡ ಇದ್ದ ತಾವ್ಲೇ ಕಣ್ಲಾ. ಬದುವಿನ ಮ್ಯಾಲೆ ಒಂದು ಗೋಣಿ ಮರ ಇತ್ತು. ಅದ್ರ ನೆಳ್ಳಲ್ಲಿ ಇಪ್ಪತ್ ಜನ ಕುಂತು ಉಣ್ಣವು. ಅದ್ನೂ ಇಂಗೇ ಒಂದ್ ದಿಸ ಬಂದು ತಗುದ್ರು. ತಡಿ. ತುರಿಕೆ ಸಂಜೀಕೆ ಓಯ್ತದೆ. ಸಂಜೀಕೆ ಓಗ್ದೇ ಇರೋದು ಏನಾರ ಮಾಡು.”

ಅಂಥದ್ದೇನು ಮಾಡುವುದೆಂದು ಇಬ್ಬರಿಗೂ ಗೊತ್ತಿರಲಿಲ್ಲ. ದಾರಿ ತೋರಿಸಿದ್ದು ಸ್ವತಃ ರುದ್ರೇಶ್.

ಪಾರ್ಕಿಂಗಿಗೆ ಕಾಂಕ್ರೀಟು ಹಾಕಲು ಪುಣೆಯಿಂದ ಒಪ್ಪಿಗೆ ಬರುವಷ್ಟರಲ್ಲಿ ಆಷಾಢ ಕಾಲಿಟ್ಟಿತ್ತು. ಆಷಾಢದಲ್ಲಿ ಶುಭಕೆಲಸ ಶುರುಮಾಡುವುದು ರುದ್ರೇಶ್ ಅವರ ಮನೆಯಲ್ಲಿ ನಡೆಯುತ್ತಿರಲಿಲ್ಲ. ಅವರ ತಾಯಿ ಅದಕ್ಕೆ ಬಿಡುತ್ತಿರಲಿಲ್ಲ. ಶ್ರಾವಣದ ಮೊದಲ ಸೋಮವಾರ ಪೂಜೆ ಮಾಡಿ ಕೆಲಸ ಹಿಡಿಯುವುದೆಂದು ತೀರ್ಮಾನವಾಯಿತು. ಅಷ್ಟರಲ್ಲಿ ಕಾರು ಕಂಪೆನಿಯಿಂದ ಪತ್ರ: ಇಪ್ಪತ್ನಾಲ್ಕು ನಾಡಮರಗಳನ್ನು ನೋಡಲು ಮುಂದಿನ ವಾರ ನಮ್ಮ ಆಡಿಟರ್ ಬರುತ್ತಾರೆ.

ರುದ್ರೇಶ್ ಹನುಮೇಶನನ್ನು ಕರೆಸಿದರು. ಗಾಬರಿಯೇನೂ ಕಾಣಲಿಲ್ಲ.

“ನೋಡು, ಎಲ್ಲಿಂದಾದ್ರೂ ಇಪ್ಪತ್ನಾಲ್ಕು ಕೊಂಬೆ ಕಡ್ಕೊಂಡು ಬಾ. ಸಾಲಾಗಿ ನೆಟ್ಬಿಡು, ಗಿಡದ ಥರ ಕಾಣ್ಬೇಕು. ನೆಟ್ಟಗಿರ್ಲಿ, ಎತ್ತರ ಇರ್ಲಿ. ಮುಖ್ಯ ಅಂದ್ರೆ ಎಲೆ ಬೇಗ ಬಾಡಬಾರ್ದು. ಅವ್ರು ಬಂದು ಹೋಗ್ಲಿ, ಆಮೇಲೆ ಕಿತ್ತು ಬಿಸಾಕು.”

“ಓಕೆ ಸಾರ್.” ಬಾಗಿಲ ತನಕ ಹೋದವನು ತಿರುಗಿ ನಿಂತ. “ತಕ್ಷಣ ಕಿತ್ರೆ ಗುಂಡೀಲಿ ಮಳೆ ನೀರು ನಿಂತು ಸೊಳ್ಳೆ ಆಗುತ್ತೆ ಸಾರ್. ಕಾಂಕ್ರೀಟ್‌ನೋರು ಬರೋ ದಿನಾನೇ ಕಿತ್ಬಿಡ್ತೀನಿ.”

“ಗುಡ್. ತಲೆ ಇದೆ ಕಣೋ ನಿಂಗೆ.”

ಹನುಮೇಶ ನೆಟ್ಟಗೆ ಗೇಟಿಗೆ ಹೋಗಿ ಆವಲಪ್ಪನಿಗೆ ಒಪ್ಪಿಸಿದ: ನೆಟ್ಟಗಿರಬೇಕು, ಎತ್ತರ ಇರಬೇಕು, ಎಲೆ ಬಾಡಬಾರದು. ಮುದುಕ ಸ್ವಲ್ಪ ಹೊತ್ತು ಬೀಡಿ ಎಳೆದ. ಆಮೇಲೆ ಅವನ ಮುಖದಲ್ಲಿ ಮೆಲ್ಲಗೆ ಒಂದು ಬೆಳಕು ಹರಡಿತು.

“ಅಂಗೆ ಎಲೆ ಬಾಡ್ದೆ ಇರೋವು ಅಂದ್ರೆ ಗೋಣಿ, ಬಸರಿ, ಆಲ. ಕಡುದ್ರೆ ಬಿಳೀ ಆಲು ಸುರೀತದಲ್ಲ, ಅವು ಅಷ್ಟ್ ಸುಲಭಕ್ ಸಾಯಾಕಿಲ್ಲ. ನಮ್ ತಾತ ಸಾಲುಮರ ನೆಟ್ಟಿದ್ದೇ ಇಂಗೆ, ಕೊಂಬೇಲಿ. ಸಸೀಲಲ್ಲ. ಅದೂ ಇದೇ ಆಷಾಡದಾಗೆ.” ಬೀಡಿಯನ್ನು ನೆಲಕ್ಕೆ ಒತ್ತಿದ. “ನಿಮ್ ಸಾಯೇಬ್ರು ಸುಳ್ಳು ನೆಡು ಅಂತವ್ರೆ. ನಾವ್ ನಿಜ ನೆಡಾನ.”

ಊರಿನ ಗುಂಡುತೋಪಿನ ಪಕ್ಕ ಕರೆಂಟಿನವರು ತಂತಿಗೆ ತಾಗುವ ಕೊಂಬೆಗಳನ್ನು ಅದೇ ವಾರ ಸವರಿ ಹಾಕಿದ್ದರು. ತೋಳಿನಷ್ಟು ದಪ್ಪ, ಆಳೆತ್ತರಕ್ಕೂ ಮೇಲಿನ ಇಪ್ಪತ್ನಾಲ್ಕು ಕೊಂಬೆಗಳನ್ನು ಆವಲಪ್ಪ ಒಂದೊಂದಾಗಿ ಆರಿಸಿದ. ಬುಡವನ್ನು ಓರೆಯಾಗಿ ಕಡಿಸಿದ. ಹಾಲು ಒಣಗಲೆಂದು ಒಂದು ದಿನ ನೆರಳಿನಲ್ಲಿ ಒರಗಿಸಿಟ್ಟ. ಮಂಡಿಗಿಂತ ಆಳದ ಗುಂಡಿ ತೆಗೆಸಿದ, ಕೆರೆಯ ಗೋಡುಮಣ್ಣು ತುಂಬಿಸಿದ, ಗಾಳಿ ಉಳಿಯದ ಹಾಗೆ ಹಾರೆಯ ಹಿಂಬದಿಯಿಂದ ಜಡಿಸಿದ. ಕಡಿದ ತಲೆಯ ಮೇಲೆ ಸಗಣಿ ಮೆತ್ತಿ ಹಳೆ ಬಟ್ಟೆ ಕಟ್ಟಿಸಿದ. ತೋರಿಕೆಗೆಂದು ಒಂದೆರಡು ಗೊಂಚಲು ಎಲೆ ಮಾತ್ರ ಉಳಿಸಿದ. ಹನುಮೇಶನ ಅಂಗೈ ಬೊಬ್ಬೆ ಎದ್ದಿತು. ಈ ಶ್ರದ್ಧೆಯಲ್ಲಿ ಓದಿದ್ದರೆ ಬಯಾಲಜಿ ಏನು, ಡಾಕ್ಟರೇ ಆಗಬಹುದಿತ್ತು ಅಂದುಕೊಂಡ. ಆದರೆ ಬಯಾಲಜಿಯ ಮೇಲೆ ಅವನಿಗೆ ಇಷ್ಟು ಸಿಟ್ಟು ಇರಲಿಲ್ಲ.

ರುದ್ರೇಶ್ ಬಂದು ನೋಡಿದರು.

“ತಲೆ ಮೇಲೆ ಏನೋ ಅದು?”

“ಸಗಣಿ ಸಾರ್. ದೃಷ್ಟಿ ಆಗ್ಬಾರ್ದು ಅಂತ.”

ದೃಷ್ಟಿಯ ವಿಷಯ ಆದ್ದರಿಂದ ರುದ್ರೇಶ್ ಎಲ್ಲ ಗಿಡಕ್ಕೂ ಮೆತ್ತಿದೆಯೇ ಎಂದು ನೋಡಿಕೊಂಡು ಹೋದರು.

ಆಡಿಟರ್ ಹೆಸರು ನಿವೇದಿತಾ. ಮೂವತ್ತರ ಆಸುಪಾಸಿನವರು, ಮಳೆಗೆ ಬೂಟು ಹಾಕಿಕೊಂಡು ಬಂದಿದ್ದರು. ಕೆಸರಿಗೆ ಹೆದರದ ಆಡಿಟರನ್ನು ಫ್ಯಾಕ್ಟರಿ ಅದೇ ಮೊದಲು ಕಂಡಿದ್ದು. ಸಾಲಿನ ನಡುವಿನ ಒಂದು ಗಿಡದ ಹತ್ತಿರ ನಿಂತು ಬೆರಳಿನಿಂದ ತಟ್ಟಿದರು, ತಲೆಯ ಮೇಲಿನ ಬಟ್ಟೆ ಎತ್ತಿ ನೋಡಿದರು.

“ಇದು ಸಸಿ ಅಲ್ಲ. ಕೊಂಬೆ.”

ರುದ್ರೇಶ್ ಅವರ ವಿಭೂತಿಯ ಕೆಳಗೆ ಬೆವರು ಒಡೆಯಿತು. ಹನುಮೇಶ ಆ ಬೆವರನ್ನು ಮನಸ್ಸಿನಲ್ಲೇ ಭದ್ರವಾಗಿ ಎತ್ತಿಟ್ಟುಕೊಂಡ. ಮುಂದೆ ಬೇಸರವಾದಾಗ ತೆಗೆದು ನೋಡಲು ಬೇಕಾಗುತ್ತದೆ.

“ಹಳೇ ಪದ್ಧತಿ ಅಲ್ವಾ ಇದು?” ಎಂದು ನಿವೇದಿತಾ ಮುಂದುವರಿಸಿದರು. “ನಮ್ಮಜ್ಜಿ ಹೇಳ್ತಿದ್ರು, ದಾರಿಬದಿ ಮರಗಳನ್ನ ಹೀಗೇ ನೆಡ್ತಿದ್ರಂತೆ. ಈಗ ಯಾರಿಗೂ ಗೊತ್ತಿಲ್ಲ. ಎಲ್ಲಿ ಹೋದ್ರೂ ಪಾಮ್ ಗಿಡ ತೋರಿಸ್ತಾರೆ. ಯಾರ ಯೋಚನೆ ಇದು?”

ರುದ್ರೇಶ್ ಒಂದು ಕ್ಷಣವೂ ತಡಮಾಡಲಿಲ್ಲ. “ನನ್ನದೇ ಮೇಡಂ.”

ಆವಲಪ್ಪ ಗೇಟಿನ ಕಡೆ ಮುಖ ತಿರುಗಿಸಿಕೊಂಡ. ಹನುಮೇಶನಿಗೆ ಮಾತ್ರ ಹೊಟ್ಟೆ ತಣ್ಣಗಾಯಿತು. ಹಕ್ಕಿ ತಾನಾಗಿಯೇ ಬಲೆಯೊಳಗೆ ಕಾಲಿಟ್ಟಿತ್ತು.

ನಿವೇದಿತಾ ಒಂದೊಂದು ಗಿಡಕ್ಕೂ ನಂಬರು ಕೊರೆದ ಅಲ್ಯುಮಿನಿಯಂ ಬಿಲ್ಲೆ ಕಟ್ಟಿಸಿದರು. ಅವರು ತಟ್ಟಿ ನೋಡಿದ ಗೋಣಿ ಕೊಂಬೆಗೆ ಹದಿನೇಳು ಬಂತು. ಫಾರಂನಲ್ಲಿ ‘ಜವಾಬ್ದಾರರು’ ಅನ್ನುವ ಕಡೆ ರುದ್ರೇಶ್ ಅವರ ಹೆಸರು ಬರೆದು ಸಹಿ ಹಾಕಿಸಿಕೊಂಡರು. ಹೊರಡುವಾಗ ಹನುಮೇಶನ ಕಡೆ ತಿರುಗಿದರು.

“ಮೊದಲು ಇರೋ ಎಲೆ ಎಲ್ಲ ಉದುರುತ್ತೆ, ಹೆದರ್ಬೇಡಿ. ಹೊಸ ಚಿಗುರು ಬಂದ ದಿನ ನನಗೊಂದು ಮೆಸೇಜ್ ಹಾಕಿ.” ಫೋನ್ ನಂಬರು ಕೊಟ್ಟರು.

ಅವರು ಹೇಳಿದಂತೆಯೇ ಎಲೆ ಉದುರಿದವು. ಹದಿನೈದು ದಿನದಲ್ಲಿ ಆ ಜಾಗ ಕೋಲು ನೆಟ್ಟ ಹಾಗೆ ಕಾಣತೊಡಗಿತು. ಹನುಮೇಶ ಬೆಳಿಗ್ಗೆ ಪಂಚ್ ಮಾಡುವ ಮೊದಲೇ ಹೋಗಿ ಹದಿನೇಳನೆಯದರ ತೊಗಟೆಯನ್ನು ಉಗುರಿನಿಂದ ಗೀರಿ ನೋಡುತ್ತಿದ್ದ. ಒಳಗೆ ಹಸಿರಿರುತ್ತಿತ್ತು. ಆದರೆ ಹಸಿರು ಒಳಗಿದ್ದರೆ ಸಾಲದಲ್ಲ. ಇಷ್ಟು ದಿನ ಅವನ ಸಿಟ್ಟೂ ಒಳಗೇ ಇತ್ತು, ಅದರಿಂದ ಯಾರಿಗೆ ಏನಾಯಿತು.

“ಕೋಲಿನ ಮುಂದ ಕುಂತು ಏನ ಜಪ ಮಾಡಾಕತ್ತೀಯೋ?” ಸಿದ್ದಕ್ಕ ಕೇಳಿದಳು.

“ಚಿಗುರಲಿ ಅಂತ.”

“ಗಿಡದ ಮ್ಯಾಲಿನ ಪ್ರೀತಿಗೋ, ಅವನ ಮ್ಯಾಲಿನ ಸಿಟ್ಟಿಗೋ?”

“ಸಿಟ್ಟಿಗ.”

“ಹಂಗಾದ್ರ ಚಿಗುರತೈತಿ ಬಿಡು,” ಅಂದಳು ಸಿದ್ದಕ್ಕ. “ಪ್ರೀತಿ ಆಗಿದ್ರ ನೀ ಎರಡ ದಿನಕ್ಕ ನೀರ ಹಾಕೋದು ಮರೀತಿದ್ದಿ.”

ಶ್ರಾವಣ ಹುಟ್ಟಿದ ವಾರ, ಶುಕ್ರವಾರ ಬೆಳಿಗ್ಗೆ, ಹದಿನೇಳನೆಯದರ ತೊಗಟೆಯಲ್ಲಿ ಮೂರು ಕಡೆ ಕೆಂಪಗೆ ಸೀಳಿತ್ತು. ಸಂಜೆಗೆ ಒಂದು ಸೀಳಿನಿಂದ ಮಗುವಿನ ಕಿರುಬೆರಳಿನಂಥ ಚಿಗುರು ಹೊರಗೆ ಬಂತು. ಶನಿವಾರ ಇನ್ನೂ ಹನ್ನೊಂದು ಕೊಂಬೆಗಳಲ್ಲಿ. ಕಾಂಕ್ರೀಟು ಸೋಮವಾರ. ಹನುಮೇಶ ತನ್ನ ಚೈನಾ ಸೆಟ್ಟಿನಲ್ಲಿ, ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ, ಅರ್ಧ ಗಂಟೆ ಕುಟ್ಟಿ ಕುಟ್ಟಿ ಒಂದು ಮೆಸೇಜು ಮಾಡಿದ: ಮೇಡಂ, ಹದಿನೇಳು ಚಿಗುರಿದೆ. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಅಲ್ಲೇ ಪೂಜೆ ಇದೆ, ಬನ್ನಿ. ಒಂದಕ್ಷರವೂ ಸುಳ್ಳಿರಲಿಲ್ಲ. ಉತ್ತರ ಬರಲಿಲ್ಲ. ಭಾನುವಾರವಿಡೀ ಅವನು ಫೋನನ್ನು ಹತ್ತು ಸಲ ಆಫ್ ಮಾಡಿ ಆನ್ ಮಾಡಿದ.

ಸೋಮವಾರ ಒಂಬತ್ತಕ್ಕೆ ಕಾಂಕ್ರೀಟು ಮಿಕ್ಸರ್ ಗೇಟಿನ ಹೊರಗೆ ಬಂದು ನಿಂತಿತ್ತು. ಆವಲಪ್ಪ ಮಿಕ್ಸರಿನ ಕಾಗದಗಳನ್ನು ತಲೆಕೆಳಗೆ ಹಿಡಿದು ನಿಧಾನವಾಗಿ ಓದುತ್ತಿದ್ದ. ರುದ್ರೇಶ್ ರೇಷ್ಮೆ ಶಲ್ಯ ಹೊದ್ದು, ಕಾಯಿ, ಕರ್ಪೂರ, ಹೂವಿನ ತಟ್ಟೆಯನ್ನು ಇಟ್ಟಿಗೆಯ ಮೇಲಿಟ್ಟರು. ಮೋಡ ಕವಿದಿತ್ತು, ಚಿಗುರು ಅವರ ಕಣ್ಣಿಗೆ ಬೀಳಲಿಲ್ಲ. ಅವರು ಕೋಲುಗಳನ್ನು ನೋಡುತ್ತಲೇ ಇರಲಿಲ್ಲ.

“ಹನುಮೇಶ, ಈ ತುದಿ ಹಿಡ್ಕೊ. ಒಂದು ಸಲ ಅಳತೆ ನೋಡಿಬಿಡೋಣ, ಆಮೇಲೆ ಎಲ್ಲ ಕಿತ್ಬಿಡು.”

ಅದೇ ಟೇಪು. ಹನುಮೇಶ ತುದಿ ಹಿಡಿದು ಹಿಂದೆ ಹಿಂದೆ ಹೋದ. ಟೇಪು ಬಿಗಿಯಾಗಿ ಎಳೆದುಕೊಂಡಿತು. ಕಾಂಪೌಂಡು ಇನ್ನು ನಾಲ್ಕು ಹೆಜ್ಜೆ ಇದೆ ಅನ್ನುವಾಗ ಗೇಟಿನ ಕಡೆಯಿಂದ ಕಾರಿನ ಸದ್ದು ಕೇಳಿಸಿತು. ಮಿಕ್ಸರಿಗೆ ತೆರೆಯದ ಗೇಟನ್ನು ಆವಲಪ್ಪ ಈ ಕಾರಿಗೆ ಓಡಿಹೋಗಿ ತೆರೆದ. ನಿವೇದಿತಾ ಇಳಿದರು, ಜೊತೆಗೆ ಅವರ ಕಂಪೆನಿಯ ಹಿರಿಯರೊಬ್ಬರು ಕ್ಯಾಮೆರಾ ಹಿಡಿದು ಇಳಿದರು.

“ಪೂಜೆನೇ ಇಟ್ಕೊಂಡಿದ್ದೀರಲ್ಲ ರುದ್ರೇಶ್ ಅವರೇ, ಚಿಗುರಿದ್ದಕ್ಕೆ. ನಾನು ಇವರಿಗೆ ಹೇಳಿದ್ರೆ ನಂಬಲೇ ಇಲ್ಲ.”

ರುದ್ರೇಶ್ ತಟ್ಟೆ ನೋಡಿದರು. ಗೇಟಿನಾಚೆಯ ಮಿಕ್ಸರ್ ನೋಡಿದರು. ಮೊದಲ ಸಲ ಹದಿನೇಳನೇ ಕೋಲನ್ನು ನೋಡಿದರು. ಕೋಲಿಗೆ ನಾಲ್ಕು ಎಲೆ ಇದ್ದವು.

“ಹೌದು ಮೇಡಂ,” ಅಂದರು. ದನಿ ತುಂಬ ದೂರದಿಂದ ಬಂದಂತಿತ್ತು. “ಶ್ರಾವಣ ಸೋಮವಾರ ಅಲ್ವಾ.”

ಆಗ ಹನುಮೇಶ ಟೇಪಿನ ತುದಿ ಬಿಟ್ಟ.

ಸ್ಟೀಲ್ ಟೇಪು ಹಾವಿನಂತೆ ನೆಲದ ಮೇಲೆ ಹರಿದು ಹೋಗಿ ರುದ್ರೇಶ್ ಅವರ ಬೆರಳ ಗೆಣ್ಣಿಗೆ ಚಟ್ ಎಂದು ಬಡಿಯಿತು.

“ಸಾರಿ ಸಾರ್,” ಅಂದ ಹನುಮೇಶ. ಬದುಕಿನಲ್ಲಿ ಸಾವಿರ ಸಲ ಆಡಿದ ಮಾತು. ಅದಕ್ಕೆ ಇಷ್ಟು ರುಚಿ ಇರುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

ಆಮೇಲಿನದೆಲ್ಲ ಕ್ಯಾಮೆರಾದ ಮುಂದೆ ನಡೆಯಿತು. ರುದ್ರೇಶ್ ನೋಯುವ ಬೆರಳಿನಿಂದಲೇ ಹದಿನೇಳನೇ ಗೋಣಿಗೆ ಮೂರು ಬೆರಳ ವಿಭೂತಿ ಎಳೆದರು, ಹೂವೇರಿಸಿದರು, ಕರ್ಪೂರ ಬೆಳಗಿ ಕಾಯಿ ಒಡೆದರು. ಸಿದ್ದಕ್ಕ ಪೊರಕೆ ಕೆಳಗಿಟ್ಟು ಕೈಮುಗಿದು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: “ಪೂಜಿ ಆತು. ಇನ್ನ ಇದನ್ನ ಯಾರೂ ಕಡಿಯಂಗಿಲ್ಲ ಬಿಡ್ರಿ.” ಫೋಟೋ ಪುಣೆಗೆ ಹೋಯಿತು, ಅಲ್ಲಿಂದ ಹೊಗಳಿಕೆ ಬಂತು. ರುದ್ರೇಶ್ ಅವರ ತಾಯಿ ಫೋಟೋ ನೋಡಿ, ವಿಭೂತಿ ಹಚ್ಚಿದ ಮರದ ಬುಡಕ್ಕೆ ಕಾಂಕ್ರೀಟು ಸುರಿಯುವ ಮಾತು ಮನೆಯಲ್ಲಿ ಆಡಕೂಡದೆಂದರಂತೆ. ಮಿಕ್ಸರ್ ತನ್ನ ಡ್ರಮ್ಮನ್ನು ತಿರುಗಿಸುತ್ತ ಬಂದ ದಾರಿಗೇ ಹೋಯಿತು.

ಇಷ್ಟಕ್ಕೆ ಹನುಮೇಶನ ಸಿಟ್ಟು ಇಳಿಯಬೇಕಿತ್ತು. ಇಳಿಯಲಿಲ್ಲ. ಬೇಸಿಗೆ ಬಂದಾಗ ಅವನು ಭಾನುವಾರ ಮಧ್ಯಾಹ್ನ, ರುದ್ರೇಶ್ ಅಪಾರ್ಟ್‌ಮೆಂಟಿನಲ್ಲಿ ಊಟ ಮುಗಿಸಿ ಮಲಗುವ ಹೊತ್ತು ನೋಡಿ ಫೋನ್ ಮಾಡುತ್ತಿದ್ದ. “ಸಾರ್, ಹನ್ನೊಂದು ಬಾಡ್ತಾ ಇದೆ. ಜವಾಬ್ದಾರಿ ನಿಮ್ಮ ಹೆಸರಲ್ಲಿದೆಯಲ್ಲ, ಅದಕ್ಕೆ ಹೇಳ್ದೆ.” ಹನ್ನೊಂದು ಚೆನ್ನಾಗಿಯೇ ಇರುತ್ತಿತ್ತು. ಒಂದು ಸಲ ಜಿಗಣಿಯಲ್ಲಿ ಟ್ಯಾಂಕರ್ ನೀರು ಸಿಗದಿದ್ದಾಗ ರುದ್ರೇಶ್ ಮನೆಯಿಂದ ಕ್ಯಾನುಗಳಲ್ಲಿ ನೀರು ತುಂಬಿಸಿಕೊಂಡು, ಬಿಳಿ ಕಾರಿನ ಸೀಟು ಒದ್ದೆ ಮಾಡಿಕೊಂಡು ಬಂದರು. ಹನುಮೇಶ ಕ್ಯಾನು ಇಳಿಸಲು ಸಹಾಯ ಮಾಡಿದ, ನಿಧಾನವಾಗಿ.

ಇಪ್ಪತ್ನಾಲ್ಕರಲ್ಲಿ ಹತ್ತೊಂಬತ್ತು ಉಳಿದವು. ಅವುಗಳ ಬುಡದಲ್ಲಿ ತುಂಬೆ ಮತ್ತೆ ಬಂತು. ಎರಡನೇ ವರ್ಷ ಕಾಂಪೌಂಡಿನ ಸಂದಿನಲ್ಲಿ ಎಕ್ಕ ಬಂತು, ಅದರ ಹಿಂದೆಯೇ ಪಟ್ಟೆ ಹುಳು. ಅಕ್ಕಪಕ್ಕದ ಕಲ್ಲು ಕೊಯ್ಯುವ ಫ್ಯಾಕ್ಟರಿಗಳ ಬಿಳಿ ಧೂಳು ಎಲೆಗಳ ಮೇಲೆ ಕೂರುತ್ತಿತ್ತು, ಮಳೆ ತೊಳೆಯುತ್ತಿತ್ತು. ಕೋಲುಗಳು ಮರಗಳಾದವು.

ಎರಡು ಸಾವಿರದ ಹದಿಮೂರರಲ್ಲಿ ಮಾದನಾಯಕನಹಳ್ಳಿಯ ಒಂದು ನರ್ಸರಿಯವರು ಅವನನ್ನು ಮೇಸ್ತ್ರಿ ಕೆಲಸಕ್ಕೆ ಕರೆದರು. ಇಲ್ಲಿಗಿಂತ ಒಳ್ಳೆಯ ಕೆಲಸ, ಬೆನ್ನ ಮೇಲೆ ಏನೂ ಬರೆಯದ ಅಂಗಿ. ಅವನು ಹೋಗಲಿಲ್ಲ.

“ಯಾಕೋ?” ಸಿದ್ದಕ್ಕ ಕೇಳಿದಳು.

“ಹದಿನೇಳು ಇನ್ನೂ ಹಣ್ಣ ಬಿಟ್ಟಿಲ್ಲ.”

“ಹುಚ್ಚಪ್ಪ. ಅವನಿಗೆ ನಿನ್ನ ಜೋಡಿ ಹಗಿ ಐತಿ ಅನ್ನೂದ ಗೊತ್ತಿಲ್ಲ. ಮೊನ್ನಿ ಆಫೀಸಿನಾಗ ಕಸ ಹೊಡಿಯೂವಾಗ ಕೇಳಿಸ್ಕೊಂಡೆ. ಇಡೀ ಫ್ಯಾಕ್ಟರಿನಾಗ ನನಗ ನಿಯತ್ತಿನಿಂದ ಇರಾಂವ ಹನುಮೇಶ ಒಬ್ಬನ ಅಂದ.”

ಆ ಮಾತು ಹನುಮೇಶನಿಗೆ ನಸುಗುನ್ನಿಗಿಂತ ಹೆಚ್ಚು ಉರಿಯಿತು. ಮೂರು ವರ್ಷ ಒಬ್ಬನೇ ಕುಸ್ತಿ ಆಡಿದ ಹಾಗಾಯಿತು. ಹೋಗಿ ಎಲ್ಲ ಹೇಳಿಬಿಡಲೇ ಅಂದುಕೊಂಡ. ಹೇಳಿದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಹಣ್ಣು ನೋಡುವುದು ಯಾರು. ಹದಿನೇಳಕ್ಕೆ ನೀರು ಹಾಯಿಸಲು ಹೋದ.

ಹದಿನೇಳು ಹಣ್ಣು ಬಿಟ್ಟದ್ದು ಎರಡು ಸಾವಿರದ ಹದಿನೈದರ ಬೇಸಿಗೆಯಲ್ಲಿ. ಅಷ್ಟು ಹೊತ್ತಿಗೆ ಲಾನು ನೀರಿಲ್ಲದೆ ಸತ್ತು ಅದರ ಮೇಲೆ ಟಾರು ಬಿದ್ದಿತ್ತು. ಇಡೀ ಫ್ಯಾಕ್ಟರಿಯಲ್ಲಿ ನೆರಳು ಎಂಬುದು ಇದ್ದದ್ದು ಹಿಂದುಗಡೆ ಮಾತ್ರ. ಬಿಸಿಲಿಗೆ ಕಾರಿನ ಸ್ಟೀರಿಂಗು ಮುಟ್ಟಲಾಗದೆ ರುದ್ರೇಶ್ ಮರಗಳ ನಡುವಿನ ಮಣ್ಣಿನಲ್ಲಿ, ಎಲ್ಲಕ್ಕಿಂತ ದಟ್ಟವಾದ ಹದಿನೇಳರ ಕೆಳಗೆ, ಅದನ್ನು ನಿಲ್ಲಿಸತೊಡಗಿದ್ದರು. ಕೊಂಬೆಯ ಉದ್ದಕ್ಕೂ ಕಿತ್ತಳೆ ಬಣ್ಣದ ಹಣ್ಣು ಜಡೆಗಟ್ಟಿತು. ಮೊದಲು ಕುಟ್ರುಹಕ್ಕಿ ಬಂತು. ಆಮೇಲೆ ಪಿಕಳಾರ, ಕೋಗಿಲೆ, ಮೈನಾ. ಕತ್ತಲಾದ ಮೇಲೆ ಬಾವಲಿಗಳು ಬಂದು ಹೋಗುತ್ತಿದ್ದವು ಅನ್ನುವುದಕ್ಕೆ ಬೆಳಗಿನ ಸಾಕ್ಷಿ ಇರುತ್ತಿತ್ತು. ಆನೇಕಲ್ ಕಡೆಯ ಹಕ್ಕಿಗಳೆಲ್ಲ ಸುದ್ದಿ ಕಳಿಸಿ ಕರೆಸಿಕೊಂಡಂತೆ ಬಂದು ತಿಂದವು. ತಿಂದದ್ದನ್ನೆಲ್ಲ ಬಿಳಿ ಕಾರಿನ ಮೇಲೆ ಇಳಿಸಿದವು. ಬೀಜ ಸಮೇತ, ಅಂಟು ಸಮೇತ. ಉಜ್ಜಿದರೆ ಬಣ್ಣವೂ ಜೊತೆಗೆ ಏಳುತ್ತಿತ್ತು.

ಒಂದು ಮಧ್ಯಾಹ್ನ ರುದ್ರೇಶ್ ಕರ್ಚೀಫಿನಿಂದ ಗಾಜು ಒರೆಸುತ್ತ ಅವನನ್ನು ಕರೆದರು. ಐದು ವರ್ಷದಲ್ಲಿ ಅವರ ತಲೆ ನರೆತಿತ್ತು. ದಿನವೂ ಇಲ್ಲಿ ನಿಲ್ಲಿಸಿ ದಿನವೂ ಒರೆಸುತ್ತಿದ್ದರು. ಬಿಸಿಲಿಗೆ ಹೋದರೆ ಬೇಯುತ್ತಿದ್ದರು.

“ಇಷ್ಟು ಕಾರಿದೆ, ನನ್ನ ಕಾರೇ ಹುಡುಕ್ಕೊಂಡು ಬರ್ತವಲ್ಲೋ. ಏನು ಹಗೆನೋ ಈ ಹಕ್ಕಿಗಳಿಗೆ ನನ್ನ ಮೇಲೆ?”

ಹನುಮೇಶ ಮೇಲೆ ನೋಡಿದ. ಎಲೆಗಳ ನಡುವೆ ಕುಟ್ರುಹಕ್ಕಿಯೊಂದು ಕತ್ತು ಓರೆ ಮಾಡಿ ಕೆಳಗೆ ನೋಡುತ್ತಿತ್ತು.

“ಇರ್ಬಹುದು ಸಾರ್.”

“ಪೂಜೆ ಮಾಡಿದ ಮರ, ಕಡಿಸೋ ಹಾಗೂ ಇಲ್ಲ. ನೀನೇ ಏನಾದ್ರೂ ಮಾಡು ಮಾರಾಯ. ಗಿಡಮರ ಹಕ್ಕಿ ಅಂದ್ರೆ ನಿಂಗೆ ಗೊತ್ತಾಗುತ್ತೆ.”

“ಓಕೆ ಸಾರ್,” ಅಂದ ಹನುಮೇಶ.

ರುದ್ರೇಶ್ ಒಳಗೆ ಹೋದರು. ಹನುಮೇಶ ಸೆಕ್ಯುರಿಟಿ ರೂಮಿನಿಂದ ಏಣಿ ತಂದ. ಆವಲಪ್ಪ ಏನು ಎತ್ತ ಎಂದು ಕೇಳದೆ ಏಣಿಯ ಬುಡ ಹಿಡಿದು ನಿಂತ. ಹಿಂದಿನ ವಾರವಷ್ಟೇ ತಂದಿಟ್ಟಿದ್ದ ಅಗಲ ಬಾಯಿಯ ಮಣ್ಣಿನ ತಟ್ಟೆಗೆ ಹನುಮೇಶ ಹಗ್ಗ ಬಿಗಿದ. ಬೇಸಿಗೆಯಲ್ಲಿ ಹಣ್ಣು ತಿಂದ ಹಕ್ಕಿಗಳಿಗೆ ಬಾಯಾರಿಕೆ ಜಾಸ್ತಿ. ಡ್ರೈವರ್ ಸೀಟಿನ ನೇರ ಮೇಲಿನ ಕೊಂಬೆಯನ್ನು ಎರಡು ಸಲ ಕಣ್ಣಳತೆ ಮಾಡಿ ಆರಿಸಿ, ತಟ್ಟೆಯನ್ನು ಅಲ್ಲಿ ತೂಗುಹಾಕಿ, ಅಂಚಿನವರೆಗೆ ನೀರು ತುಂಬಿಸಿದ.